ಗ್ರೇವ್ಸೆಂಡ್ ಕೊಲ್ಲಿ: 1776ರಲ್ಲಿ ಸೇನೆ ಇಳಿದ ದಡವನ್ನು ನಡೆದು ನೋಡುವ ಬಗೆ

ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋದವರು ವೆರಜಾನೊ ಸೇತುವೆಯ ಹತ್ತಿರ ಕಡಲ ಬದಿಯ ದಾರಿಯಲ್ಲಿ ನಿಂತು, 'ಬ್ರಿಟಿಷರು ಇಳಿದದ್ದು ಇಲ್ಲೇ' ಎಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಕೊಲ್ಲಿಯುದ್ದಕ್ಕೂ ಬಹಳ ಕಡೆ ಅವರ ಕಾಲ ಕೆಳಗಿನ ಜಾಗ 1776ರಲ್ಲಿ ನೀರಾಗಿತ್ತು, ಇಲ್ಲವೇ ಜೌಗಾಗಿತ್ತು. ಬೆಲ್ಟ್ ಪಾರ್ಕ್‌ವೇ ಹೆದ್ದಾರಿ ಹಾಕುವಾಗ ಮಣ್ಣು ತುಂಬಿ ದಡವನ್ನು ಮುಂದಕ್ಕೆ ತಳ್ಳಿದ್ದಾರೆ. ಹಾಗಾಗಿ ಇಲ್ಲಿ ಕೆಲಸ ಶುರುವಾಗುವುದು ಮನೆಯಲ್ಲೇ, ನಕ್ಷೆಯ ಮುಂದೆ. ಹಳೆಯ ದಡದ ಗೆರೆ ಕೈಯಲ್ಲಿಲ್ಲದೆ ಹೋದರೆ ನೋಡಿ ಬರುವುದು ಒಂದು ಹೆದ್ದಾರಿ, ಒಂದು ಸೇತುವೆ, ಅಷ್ಟೇ.

ಮೊದಲು ಘಟನೆಯನ್ನು ಚುಟುಕಾಗಿ ತಿಳಿದುಕೊಳ್ಳಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ. 1776ರ ಜುಲೈ ಮೊದಲ ವಾರದಲ್ಲಿ ಬ್ರಿಟಿಷ್ ಸೇನಾಪತಿ ಜನರಲ್ ವಿಲಿಯಂ ಹೌ ಸ್ಟಾಟನ್ ದ್ವೀಪದಲ್ಲಿ ಬೀಡುಬಿಟ್ಟ. ಅವನ ಅಣ್ಣ ಅಡ್ಮಿರಲ್ ರಿಚರ್ಡ್ ಹೌ ನೌಕಾಪಡೆಯ ಮುಖ್ಯಸ್ಥ. ಆಗಸ್ಟ್ ಮಧ್ಯದ ಹೊತ್ತಿಗೆ ಅಲ್ಲಿ ಸುಮಾರು 32,000 ಸೈನಿಕರು ಕೂಡಿದ್ದರು. ಆಗಸ್ಟ್ 22ರ ಬೆಳಿಗ್ಗೆ ಅವರಲ್ಲಿ ಮೊದಲ 4,000 ಮಂದಿ ನ್ಯಾರೋಸ್ ಎಂಬ ಕಿರಿದಾದ ಜಲಮಾರ್ಗ ದಾಟಿ ಲಾಂಗ್ ಐಲ್ಯಾಂಡಿನ (ಬ್ರೂಕ್ಲಿನ್ ಇರುವ ದ್ವೀಪ) ಗ್ರೇವ್ಸೆಂಡ್ ಕೊಲ್ಲಿಯಲ್ಲಿ ಇಳಿದರು. ಮಧ್ಯಾಹ್ನದೊಳಗೆ 15,000 ಜನ, 40 ಫಿರಂಗಿ ದಡ ಸೇರಿದ್ದವು. 25ರಂದು ಫಾನ್ ಹೈಸ್ಟರನ ಕೈಕೆಳಗೆ ಬ್ರಿಟಿಷರು ಬಾಡಿಗೆಗೆ ತಂದಿದ್ದ ಜರ್ಮನ್ ಪಡೆ ಬಂದು ಸೇರಿತು. 27ಕ್ಕೆ ಕಾಳಗ, 29ರ ರಾತ್ರಿ ಅಮೆರಿಕದವರ ಸೇನಾಪತಿ ವಾಷಿಂಗ್ಟನ್ ತನ್ನವರನ್ನು ದೋಣಿಗಳಲ್ಲಿ ಮ್ಯಾನ್‌ಹಟನ್‌ಗೆ ದಾಟಿಸಿಕೊಂಡ.

ಸಂಖ್ಯೆಗಳಲ್ಲಿ ಎಡವುವವರು ಬಹಳ. 4,000 ಮೊದಲ ಅಲೆ, 15,000 ಮೊದಲ ದಿನದ ಮಧ್ಯಾಹ್ನದ ಲೆಕ್ಕ, 20,000ದ ಆಸುಪಾಸು ಕಾಳಗದ ಹೊತ್ತಿನದು, 32,000 ಇಡೀ ದಂಡು. ಫಲಕಗಳಲ್ಲೂ ಪುಸ್ತಕಗಳಲ್ಲೂ ಇವುಗಳಲ್ಲಿ ಒಂದೊಂದು ಕಡೆ ಒಂದೊಂದು ಕಂಡರೆ ಗಾಬರಿಯಾಗಬೇಡಿ, ಅದು ಯಾವ ದಿನದ ಲೆಕ್ಕ ಎಂದು ಕೇಳಿಕೊಳ್ಳಿ. ವಾಷಿಂಗ್ಟನ್ನನಿಗೂ ಅಂದು ಸರಿಯಾದ ಲೆಕ್ಕ ಸಿಗಲಿಲ್ಲ. ಇಳಿದವರು ಎಂಟು ಸಾವಿರದಷ್ಟು ಎಂದುಕೊಂಡ. ಇದು ಕಣ್ಕಟ್ಟು, ನಿಜವಾದ ದಾಳಿ ಮ್ಯಾನ್‌ಹಟನ್ ಮೇಲೆಯೇ ಬರುತ್ತದೆ ಎಂಬ ಅನುಮಾನವೂ ಅವನನ್ನು ಬಿಡಲಿಲ್ಲ.

ಮನೆಯಲ್ಲಿ: ನಕ್ಷೆಯ ಮೇಲೆ ನಕ್ಷೆ

ಲಂಡನ್ನಿನ ವಿಲಿಯಂ ಫೇಡನ್ 1776ರ ಅಕ್ಟೋಬರ್‌ನಲ್ಲೇ ಈ ಕಾಳಗದ ನಕ್ಷೆ ಅಚ್ಚು ಹಾಕಿದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ. ಇರುವುದರಲ್ಲಿ ದೊಡ್ಡ ಗಾತ್ರದ ಕಡತವನ್ನೇ ಇಳಿಸಿಕೊಳ್ಳಿ, ಚಿಕ್ಕದರಲ್ಲಿ ರಸ್ತೆಗಳ ಹೆಸರು ಕಲಸಿಹೋಗುತ್ತದೆ. ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ಪ್ರೊ ತೆರೆದು 'ಇಮೇಜ್ ಓವರ್‌ಲೇ' ಆರಿಸಿ ಈ ಚಿತ್ರವನ್ನು ಕೂರಿಸಿ. ಪಾರದರ್ಶಕತೆಯನ್ನು ಅರ್ಧಕ್ಕೆ ಇಟ್ಟುಕೊಳ್ಳಿ.

ಇನ್ನು ಹೊಂದಿಸುವ ಕೆಲಸ. ಎಲ್ಲರೂ ಮಾಡುವ ತಪ್ಪೆಂದರೆ ಹಳೆಯ ದಡದ ಗೆರೆಯನ್ನು ಈಗಿನ ದಡದ ಗೆರೆಗೆ ಕೂಡಿಸಲು ಹೋಗುವುದು. ಬದಲಾಗಿರುವುದೇ ಆ ಗೆರೆ. ಅದನ್ನೇ ಆಧಾರವಾಗಿ ಹಿಡಿದರೆ ನಕ್ಷೆಯೆಲ್ಲ ಜಗ್ಗಿದಂತಾಗುತ್ತದೆ. ಜಾಗ ಬದಲಿಸದ ಒಳನಾಡಿನ ಗುರುತುಗಳನ್ನು ಹಿಡಿಯಿರಿ. ಮೂರು ಬಹಳ ಗಟ್ಟಿ.

ಒಂದು, ಗ್ರೇವ್ಸೆಂಡ್ ಹಳ್ಳಿಯ ಚೌಕ. ಲೇಡಿ ಡೆಬೊರಾ ಮೂಡಿ ಎಂಬಾಕೆ 1640ರ ದಶಕದಲ್ಲಿ ಕಟ್ಟಿಸಿದ ಊರು ಇದು. ಚೌಕಾಕಾರದ ಊರನ್ನು ಎರಡು ಅಡ್ಡರಸ್ತೆಗಳು ನಾಲ್ಕು ಭಾಗ ಮಾಡುತ್ತವೆ. ವಿಲೇಜ್ ರೋಡ್ ನಾರ್ತ್, ವಿಲೇಜ್ ರೋಡ್ ಈಸ್ಟ್, ವಿಲೇಜ್ ರೋಡ್ ಸೌತ್, ವ್ಯಾನ್ ಸಿಕ್ಲೆನ್ ಬೀದಿ ಇವು ಇಂದಿಗೂ ಆ ಚೌಕದ ನಾಲ್ಕು ಅಂಚು. ನಡುವೆ ಹಾಯುವುವು ಗ್ರೇವ್ಸೆಂಡ್ ನೆಕ್ ರೋಡ್ ಮತ್ತು ಮೆಕ್‌ಡೊನಾಲ್ಡ್ ಅವೆನ್ಯೂ. ಉಪಗ್ರಹ ಚಿತ್ರದಲ್ಲಿ ಸುತ್ತಲಿನ ಬೀದಿಗಳ ಚೌಕಟ್ಟಿಗೆ ಓರೆಯಾಗಿ ಕೂತಿರುವುದರಿಂದ ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಎರಡು, ಫ್ಲ್ಯಾಟ್‌ಬುಷ್ ಅವೆನ್ಯೂ ಮತ್ತು ಚರ್ಚ್ ಅವೆನ್ಯೂ ಕೂಡುವಲ್ಲಿನ ಡಚ್ ಚರ್ಚು. ಕಟ್ಟಡ ಬದಲಾಗಿದೆ, ಜಾಗ 1654ರಿಂದ ಅದೇ.

ಮೂರು, ನ್ಯೂ ಯೂಟ್ರೆಕ್ಟ್. ಇಲ್ಲಿ ಜೋಪಾನ! ಈಗಿನ ಕಲ್ಲಿನ ಚರ್ಚು 18ನೇ ಅವೆನ್ಯೂದಲ್ಲಿದೆ, ಅದು 1828ರದು. 1776ರಲ್ಲಿದ್ದ ಎಂಟು ಮೂಲೆಯ ಚರ್ಚು ನಿಂತಿದ್ದದ್ದು 16ನೇ ಅವೆನ್ಯೂ ಬಳಿಯ ಹಳೆಯ ಸ್ಮಶಾನದ ಮಗ್ಗುಲಲ್ಲಿ. ಹಳೆ ಚರ್ಚಿನ ಕಲ್ಲನ್ನೇ ಹೊಸದಕ್ಕೆ ಬಳಸಿದ್ದರಿಂದ ಜನ ಜಾಗವೂ ಒಂದೇ ಎಂದುಕೊಳ್ಳುತ್ತಾರೆ. ನಕ್ಷೆಯ ಚರ್ಚಿನ ಗುರುತಿಗೆ ಈಗಿನ ಚರ್ಚನ್ನು ಕೂಡಿಸಿದಿರೋ, ಕೊಲ್ಲಿಯ ದಡ ಎರಡು ಬೀದಿಯಷ್ಟು ಪಕ್ಕಕ್ಕೆ ಸರಿದುಹೋಗುತ್ತದೆ.

ಎರಡೇ ಗುರುತು ಸಾಕು ಎನ್ನಬೇಡಿ. ಎರಡಕ್ಕೆ ಯಾವ ನಕ್ಷೆಯಾದರೂ ಕೂಡಿಕೊಳ್ಳುತ್ತದೆ, ಮೂರನೆಯದು ಬಂದಾಗಲೇ ಸುಳ್ಳು ಹೊರಬೀಳುವುದು. ಮೂರನ್ನೂ ಹೊಂದಿಸಿದ ಮೇಲೂ ಅಲ್ಲಲ್ಲಿ ನೂರು ಇನ್ನೂರು ಮೀಟರ್ ತಪ್ಪು ಉಳಿದರೆ ಒಪ್ಪಿಕೊಳ್ಳಿ. ಕಾಗದ ಹಿಗ್ಗಿ ಕುಗ್ಗಿದೆ, ಅಳತೆ ಮಾಡಿದವರಿಗೂ ಅವಸರವಿತ್ತು. ಈಗ ಹಳೆಯ ದಡದ ಮೇಲೆ ಬಣ್ಣದ ಗೆರೆ ಎಳೆದು, ಆ ಗೆರೆಯನ್ನು ಕೆಎಂಎಲ್ (ಗೂಗಲ್ ಅರ್ತ್ ಗುರುತುಗಳನ್ನು ಉಳಿಸುವ ಬಗೆ) ಕಡತವಾಗಿ ಉಳಿಸಿ ಫೋನಿಗೆ ಹಾಕಿಕೊಳ್ಳಿ. ನಡೆಯುವಾಗ ನಿಮ್ಮ ನೀಲಿ ಚುಕ್ಕೆ ಗೆರೆಯ ಯಾವ ಕಡೆಗಿದೆ ಎಂದು ನೋಡುತ್ತ ಹೋಗುವುದೇ ಈ ಪ್ರವಾಸದ ಸೊಗಸು.

ದೋಣಿಯ ಲೆಕ್ಕ

ನಡೆಯುವ ಮೊದಲು ಇಳಿಯುವಿಕೆ ಹೇಗೆ ನಡೆಯಿತೆಂದು ಕಣ್ಣಿಗೆ ಕಟ್ಟಿಕೊಂಡಿರಬೇಕು, ಇಲ್ಲದಿದ್ದರೆ ದಡ ಮಾತಾಡುವುದಿಲ್ಲ. ಅಂದು ಬಳಸಿದ್ದು 75 ಚಪ್ಪಟೆ ತಳದ ದೋಣಿ, 11 ಬ್ಯಾಟೊ (ಹಗುರ ಸರಕು ದೋಣಿ), 2 ಗ್ಯಾಲಿ (ಹುಟ್ಟು ಹಾಕುವ ದೊಡ್ಡ ದೋಣಿ). ಒಟ್ಟು 88. 4,000ವನ್ನು 88ರಿಂದ ಭಾಗಿಸಿದರೆ ದೋಣಿಗೆ 45 ಮಂದಿ. ಚಪ್ಪಟೆ ದೋಣಿಯ ಸಾಮರ್ಥ್ಯ ಸುಮಾರು 50 ಸೈನಿಕರು, ಹುಟ್ಟು ಹಾಕಲು 20 ಜನ ನಾವಿಕರು. ಲೆಕ್ಕ ಚೆನ್ನಾಗಿ ತಾಳೆಯಾಗುತ್ತದೆ.

ಈ ದೋಣಿ ಹಡಗಿನ ಮಾಮೂಲಿ ದೋಣಿಯಲ್ಲ. 1757ರಲ್ಲಿ ಫ್ರಾನ್ಸಿನ ರೋಶ್‌ಫೋರ್ ಮೇಲೆ ಹೋಗಿ ಬರಿಗೈಲಿ ಮರಳಿದ ಮೇಲೆ, ಮರುವರ್ಷ ಬ್ರಿಟಿಷ್ ನೌಕಾಪಡೆ ಸೈನಿಕರನ್ನು ಇಳಿಸಲೆಂದೇ ಇದನ್ನು ಮಾಡಿಸಿತು. ತಳ ಚಪ್ಪಟೆ ಇದ್ದುದರಿಂದ ಮೊಣಕಾಲುದ್ದದ ನೀರಿನವರೆಗೂ ಬರುತ್ತಿತ್ತು. ದಡ ಹತ್ತಿರವಾದಾಗ ಹಿಂಬದಿಯಿಂದ ಒಂದು ಕೊಕ್ಕೆಯ ಲಂಗರು ಬಿಡುತ್ತಿದ್ದರು. ಜನ ಮುಂಬದಿಯಿಂದ ಹಾರಿ ಇಳಿದ ಕೂಡಲೇ ಆ ಹಗ್ಗ ಹಿಡಿದು ಜಗ್ಗಿದರೆ ದೋಣಿ ಮರಳಿನಿಂದ ಬಿಡಿಸಿಕೊಂಡು ಹಿಂದಕ್ಕೆ ಸರಿಯುತ್ತಿತ್ತು. ಲಂಗರು ಬಿಡುವುದು ತಡವಾದರೆ ದೋಣಿ ಮರಳಿಗೆ ಕಚ್ಚಿಕೊಂಡು ಅಲೆಗೆ ಅಡ್ಡಲಾಗಿ ತಿರುಗುತ್ತದೆ, ಎರಡನೇ ಅಲೆಗೆ ದೋಣಿಯೇ ಇರುವುದಿಲ್ಲ. ಮಧ್ಯಾಹ್ನದೊಳಗೆ 15,000 ಜನ ಇಳಿದರೆಂದರೆ ಈ ಹಿಂದೆ ಮುಂದೆ ಓಡಾಟ ಎಷ್ಟು ಚೊಕ್ಕವಾಗಿ ನಡೆದಿರಬೇಕು, ನೋಡಿ. ದೋಣಿಗಳನ್ನು ಹತ್ತು ತಂಡ ಮಾಡಿ, ಇಡೀ ಉಸ್ತುವಾರಿಯನ್ನು ಕಮಡೋರ್ ವಿಲಿಯಂ ಹೋಥಮ್‌ಗೆ ಒಪ್ಪಿಸಿದ್ದರು. ದೂರದ ಪಡೆಯನ್ನು ಸಾಗಣೆ ಹಡಗುಗಳಲ್ಲಿ ಕೊಲ್ಲಿಯ ಹತ್ತಿರಕ್ಕೇ ತಂದಿದ್ದರಿಂದ ದೋಣಿಗಳ ದಾರಿ ಇನ್ನೂ ಮೊಟಕಾಯಿತು.

ಕಾವಲಿಗೆ ಫೀನಿಕ್ಸ್, ರೋಸ್, ಗ್ರೇಹೌಂಡ್ ಎಂಬ ಯುದ್ಧನೌಕೆಗಳು, ಜೊತೆಗೆ ಥಂಡರ್, ಕಾರ್ಕಸ್ ಎಂಬ ಬಾಂಬು ಹಡಗುಗಳು (ದಡದ ಮೇಲೆ ಸಿಡಿಗುಂಡು ಎಸೆಯುವಂಥವು). (ಈ ಕಾರ್ಕಸ್ ಮೂರು ವರ್ಷ ಹಿಂದೆ ಉತ್ತರ ಧ್ರುವದ ಕಡೆ ಯಾತ್ರೆ ಹೋಗಿತ್ತು. ಮುಂದೆ ಹೆಸರಾಂತ ಬ್ರಿಟಿಷ್ ಅಡ್ಮಿರಲ್ ಆದ ಹೊರೇಶಿಯೊ ನೆಲ್ಸನ್ ಆಗ ಅದರಲ್ಲಿದ್ದ ಹುಡುಗ.) ಎದುರಿಗಿದ್ದದ್ದು ಕರ್ನಲ್ ಎಡ್ವರ್ಡ್ ಹ್ಯಾಂಡನ ಪೆನ್ಸಿಲ್ವೇನಿಯ ಬಂದೂಕುದಾರರು, ಕೆಲವೇ ನೂರು ಮಂದಿ. ಅವರು ದಡದಲ್ಲಿ ನಿಂತು ಹೋರಾಡಲು ಹೋಗದೆ, ಕೊಯ್ದಿಟ್ಟಿದ್ದ ಬೆಳೆಗೆ ಬೆಂಕಿ ಹಚ್ಚಿ, ಶತ್ರುವಿಗೆ ಸಿಗದಂತೆ ದನಗಳನ್ನು ಕೊಂದು ಗುಡ್ಡದ ಕಡೆ ಹಿಂದೆ ಸರಿದರು.

ಈ ದಡವೇ ಏಕೆ? ನೆಲವನ್ನು ನೋಡಿದರೆ ಗೊತ್ತಾಗುತ್ತದೆ. ಹಿಮಯುಗದ ಹಿಮನದಿ ತಂದು ಸುರಿದ ಮಣ್ಣು ಕಲ್ಲಿನ ಏರು ಬ್ರೂಕ್ಲಿನ್ ನಡುವೆ ಉದ್ದಕ್ಕೂ ಹಾಯುತ್ತದೆ. ಕರಗಿದ ನೀರು ಹೊತ್ತು ತಂದ ಮರಳು ಅದರ ದಕ್ಷಿಣಕ್ಕೆ ಹರಡಿ ಕಡಲವರೆಗೂ ಸಪಾಟು ಬಯಲಾಗಿದೆ. ಫ್ಲ್ಯಾಟ್‌ಬುಷ್, ಫ್ಲ್ಯಾಟ್‌ಲ್ಯಾಂಡ್ಸ್ ಎಂಬ ಹೆಸರಲ್ಲೇ ಆ ಸಪಾಟು ಇದೆ. ಕೊಲ್ಲಿಯಿಂದ ಏರಿಗೆ ಸುಮಾರು 6 ಕಿಲೋಮೀಟರ್. ಅಂದರೆ ಮರಳ ದಡ ಇಳಿಜಾರು, ಹಿಂದೆ ಹೊಲ, ಮೇಲಿಂದ ಗುಂಡು ಹಾರಿಸಲು ಗುಡ್ಡವಿಲ್ಲ, ಅಮೆರಿಕದವರ ಫಿರಂಗಿಗಳು ದೂರದ ಬ್ರೂಕ್ಲಿನ್ ಹೈಟ್ಸ್‌ನಲ್ಲಿ. ಇಳಿದವರನ್ನು ಒಳಗೊಯ್ಯಲು ಹಳ್ಳಿ ಹಳ್ಳಿಗೂ ಗಾಡಿದಾರಿ. ಇಷ್ಟೆಲ್ಲ ಕೂಡಿ ಬರುವ ಇನ್ನೊಂದು ದಡ ಸುತ್ತಮುತ್ತ ಹುಡುಕಿದರೂ ಕಷ್ಟ.

ಹೊರಡುವ ದಿನ

ಒಟ್ಟು ನಡಿಗೆ ಸುಮಾರು 10ರಿಂದ 12 ಕಿಲೋಮೀಟರ್, ಊಟಕ್ಕೆ ನಿಂತರೆ ಏಳು ಗಂಟೆ ಇಟ್ಟುಕೊಳ್ಳಿ. ಕಡಲ ಬದಿಯ ದಾರಿಯಲ್ಲಿ ಬಹುಪಾಲು ನೆರಳಿಲ್ಲ, ಗಾಳಿ ಬೇಕಾದಷ್ಟು. ತಲೆಗೊಂದು ಟೋಪಿ, ತಲಾ ಒಂದೂವರೆ ಲೀಟರ್ ನೀರು, ಇದ್ದರೆ 8 ಪಟ್ಟಿನ ದುರ್ಬೀನು. ಹಿಂದಿನ ದಿನ ಅಮೆರಿಕದ ಕಡಲು ಮತ್ತು ಹವಾಮಾನ ಸಂಸ್ಥೆಯಾದ ನೋವಾದ ತಾಣದಲ್ಲಿ ಉಬ್ಬರವಿಳಿತದ ವೇಳೆ ನೋಡಿಕೊಳ್ಳಿ. ಇಲ್ಲಿ ಏರಿಳಿತ ಸುಮಾರು 1.4 ಮೀಟರ್. ಇಳಿತದ ಹೊತ್ತಿಗೆ ಹೋದರೆ ಕಲ್ಲಿನ ಒಡ್ಡಿನ ಬುಡ ಕಾಣುತ್ತದೆ, ತಳ ಎಷ್ಟು ಆಳವಿಲ್ಲದ್ದು ಎಂಬ ಅಂದಾಜೂ ಸಿಗುತ್ತದೆ. ನೀರಿಗೆ ಇಳಿಯಬೇಡಿ, ನ್ಯಾರೋಸ್‌ನ ಸೆಳೆತ ಜೋರು.

ಆರ್ ರೈಲು ಹಿಡಿದು ಕೊನೆಯ ನಿಲ್ದಾಣ ಬೇ ರಿಜ್ 95ನೇ ಬೀದಿಯಲ್ಲಿ ಇಳಿಯಿರಿ. ದಕ್ಷಿಣಕ್ಕೆ ಕೆಲವು ನಿಮಿಷ ನಡೆದರೆ ಜಾನ್ ಪಾಲ್ ಜೋನ್ಸ್ ಪಾರ್ಕ್. ಅಲ್ಲಿರುವ ದೈತ್ಯ ಫಿರಂಗಿ ನೋಡಿ 'ಇದೇ ಹೌ ತಂದದ್ದು' ಎನ್ನುವವರಿದ್ದಾರೆ. ಅದು 1860ರ ದಶಕದ ರಾಡ್‌ಮನ್ ಫಿರಂಗಿ, ಅಂತರ್ಯುದ್ಧ ಕಾಲದ್ದು. ಪಕ್ಕದ ಎತ್ತರದ ಕಂಬ ಮೊದಲ ಮಹಾಯುದ್ಧದ ಡೋವರ್ ಪ್ಯಾಟ್ರೋಲ್ (ಡೋವರ್ ಜಲಸಂಧಿ ಕಾಯ್ದ ಬ್ರಿಟಿಷ್ ನೌಕಾದಳ) ಸ್ಮಾರಕ. ಒಂದೇ ಪಾರ್ಕಿನಲ್ಲಿ ಮೂರು ಶತಮಾನದ ಯುದ್ಧ ಕಲಸಿಕೊಂಡಿದೆ, ಬೇರ್ಪಡಿಸಿಕೊಳ್ಳಬೇಕಾದವರು ನಾವು.

ಮುಂದಿನದು ಫೋರ್ಟ್ ಹ್ಯಾಮಿಲ್ಟನ್. 1825ರಲ್ಲಿ ಕಟ್ಟಲು ಶುರುಮಾಡಿದ ಈ ಕೋಟೆ ಇವತ್ತೂ ಸೇನೆಯ ನೆಲೆ. ಒಳಗಿನ ಹಾರ್ಬರ್ ಡಿಫೆನ್ಸ್ ಮ್ಯೂಸಿಯಂ ನೋಡಬೇಕೆಂದರೆ ಗುರುತಿನ ಚೀಟಿಯ ತಪಾಸಣೆ ಆಗುತ್ತದೆ. ಭಾರತದ ಪಾಸ್‌ಪೋರ್ಟ್ ಹೊಂದಿದವರು ಮುಂಚೆಯೇ ವಿಚಾರಿಸಿಕೊಂಡು ಹೋಗಿ. ಗೇಟಿನ ಮುಂದೆ ಹೋಗಿ ವಾದ ಮಾಡಿ ಫಲವಿಲ್ಲ, ಕ್ಯಾಮೆರಾವನ್ನೂ ಚೀಲದಲ್ಲಿಟ್ಟುಕೊಳ್ಳಿ. 1776ರ ಡೆನೀಸ್ ದೋಣಿಗಡ ಇದ್ದದ್ದು ಈ ಕೋಟೆಯ ಬದಿಯ ದಡದಲ್ಲಿ, ಈಗಿನ ಸೇತುವೆಯ ಹತ್ತಿರ.

ಶೋರ್ ರೋಡ್ ಹಿಡಿದು ಉತ್ತರಕ್ಕೆ ಬಂದು 92ನೇ ಬೀದಿಯ ಮೇಲುಸೇತುವೆಯಿಂದ ಹೆದ್ದಾರಿ ದಾಟಿ ಕಡಲ ಬದಿಯ ದಾರಿಗೆ ಇಳಿಯಿರಿ, ಮತ್ತೆ ದಕ್ಷಿಣಕ್ಕೆ ತಿರುಗಿ. ಸುತ್ತಾಯಿತು ಅನ್ನಿಸಬಹುದು, ಆದರೆ ಈ ತುಂಡಿನಲ್ಲೇ ನ್ಯಾರೋಸ್ ಪೂರ್ತಿ ಕಾಣುವುದು. ಎದುರು ದಡ ಸ್ಟಾಟನ್ ದ್ವೀಪ. ಸೇತುವೆಯ ಎರಡು ಗೋಪುರಗಳ ನಡುವಿನ ಅಂತರ 1,298 ಮೀಟರ್, ನೀರಿನ ಅಗಲವನ್ನು ಕಣ್ಣಲ್ಲೇ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಬ್ರೂಕ್ಲಿನ್ ಕಡೆಯ ಗೋಪುರ ನಿಂತಿರುವುದು ನೀರೊಳಗಿನ ಒಂದು ಬಂಡೆದಿಬ್ಬದ ಮೇಲೆ. ಅಲ್ಲಿದ್ದ ಫೋರ್ಟ್ ಲಫಾಯೆಟ್ ಅನ್ನು ಸೇತುವೆಗಾಗಿ ಕೆಡವಿದರು. 1776ರಲ್ಲಿ ಆ ಕೋಟೆಯೂ ಇರಲಿಲ್ಲ.

ಸೇತುವೆ ದಾಟಿದ ಮೇಲೆ ದಾರಿ ಪೂರ್ವಕ್ಕೆ ಬಾಗುತ್ತದೆ. ಇನ್ನು ಬೇ ಪಾರ್ಕ್‌ವೇ ಎಂಬ ಬೀದಿಯವರೆಗೆ ಸುಮಾರು 4 ಕಿಲೋಮೀಟರ್ ಎಡಕ್ಕೆ ಹೆದ್ದಾರಿ, ಬಲಕ್ಕೆ ಗ್ರೇವ್ಸೆಂಡ್ ಕೊಲ್ಲಿ. ಫೋನು ತೆಗೆಯಬೇಕಾದದ್ದು ಇಲ್ಲಿ. ನಿಮ್ಮ ಚುಕ್ಕೆ ಹಳೆಯ ಗೆರೆಯಿಂದ ಆಚೆ, ಕಡಲೊಳಗೆ ನಡೆಯುತ್ತಿರುತ್ತದೆ. ದೋಣಿಯಲ್ಲಿ ಕೂತವನ ನೋಟ ಬೇಕೆಂದರೆ ನೀರಿಗೆ ಬೆನ್ನು ಮಾಡಿ ಭೂಮಿಯ ಕಡೆ ನೋಡಿ. ಮನೆಗಳ ಸಾಲನ್ನು ಮನಸ್ಸಿನಲ್ಲೇ ಅಳಿಸಿದರೆ ಉಳಿಯುವುದು ಎಲ್ಲೂ ಏರದ ನೆಲ. ಹಿಂದಿನ ರಾತ್ರಿ ನ್ಯೂಯಾರ್ಕ್ ಮೇಲೆ ಭಾರಿ ಗುಡುಗು ಸಿಡಿಲಿನ ಮಳೆ ಸುರಿದು, 22ರ ಬೆಳಗು ತಿಳಿಯಾಗಿತ್ತು. ನೀವೂ ಆಗಸ್ಟಿನ ಅಂಥದೊಂದು ಬೆಳಗು ಸಿಕ್ಕಿದರೆ ಬಿಡಬೇಡಿ.

ದಾರಿಯ ಯಾವುದಾದರೂ ತುಂಡು ದುರಸ್ತಿಗೆಂದು ಮುಚ್ಚಿದ್ದರೆ 17ನೇ ಅವೆನ್ಯೂ ಮೇಲುಸೇತುವೆಯಿಂದ ಊರೊಳಗೆ ಬಂದು ಕ್ರಾಪ್ಸಿ ಅವೆನ್ಯೂ ಹಿಡಿಯಿರಿ. ಬೇಸರಪಡುವಂಥದ್ದೇನಲ್ಲ, ಹಳೆಯ ದಡಕ್ಕೆ ಅದೇ ಹತ್ತಿರ. ಬೇ ಪಾರ್ಕ್‌ವೇ ತುದಿಯಲ್ಲಿ ಅಂಗಡಿ ಸಾಲಿದೆ, ಊಟ ಶೌಚ ಎರಡನ್ನೂ ಅಲ್ಲೇ ಮುಗಿಸಿಕೊಳ್ಳಿ. ಅಲ್ಲಿಂದ ಆಗ್ನೇಯಕ್ಕೆ ಕಾಣುವ ಕಾಲ್ವರ್ಟ್ ವಾಕ್ಸ್ ಪಾರ್ಕಿಗೆ ಹೋಗಲೇಬೇಕೆಂದಿಲ್ಲ. ವೆರಜಾನೊ ಸೇತುವೆಗೆ ಅಗೆದ ಮಣ್ಣನ್ನೂ ಅಲ್ಲಿ ತಂದು ಸುರಿದಿದ್ದಾರೆ. ಸೆಂಟ್ರಲ್ ಪಾರ್ಕ್ ವಿನ್ಯಾಸಕಾರರಲ್ಲಿ ಒಬ್ಬನಾದ ವಾಕ್ಸ್ 1895ರಲ್ಲಿ ಮುಳುಗಿ ಸತ್ತದ್ದು ಇದೇ ಕೊಲ್ಲಿಯಲ್ಲಿ. ಮಾಹಿತಿಗಿರಲಿ.

ದಡದಿಂದ ಒಳಕ್ಕೆ

ಬೇ ಪಾರ್ಕ್‌ವೇಯಲ್ಲೇ ನೇರ ಒಂದು ಕಿಲೋಮೀಟರ್ ನಡೆದರೆ 86ನೇ ಬೀದಿಯ ಮೇಲೆ ಡಿ ರೈಲಿನ ನಿಲ್ದಾಣ. ಮ್ಯಾನ್‌ಹಟನ್ ಕಡೆಯ ರೈಲಿನಲ್ಲಿ ಎರಡನೇ ನಿಲ್ದಾಣ 18ನೇ ಅವೆನ್ಯೂ. ಅಲ್ಲಿಂದ 83-84ನೇ ಬೀದಿಗಳ ನಡುವೆ ನ್ಯೂ ಯೂಟ್ರೆಕ್ಟ್ ಚರ್ಚಿನ ಮುಂದೆ ಎತ್ತರದ ಲಿಬರ್ಟಿ (ಸ್ವಾತಂತ್ರ್ಯ) ಕಂಬ. 1783ರಲ್ಲಿ ಬ್ರಿಟಿಷರು ತೊಲಗಿದಾಗ ಮೊದಲ ಕಂಬ ನೆಟ್ಟದ್ದು, ಆಮೇಲೆ ಹಲವು ಸಲ ಬದಲಾಗಿದೆ. ಇಳಿದದ್ದರ ಗುರುತಿಗಿಂತ ಹೋದದ್ದರ ಗುರುತು ಈ ಊರಲ್ಲಿ ಎತ್ತರವಾಗಿದೆ. ಹಾಗೇ 16ನೇ ಅವೆನ್ಯೂದ ಸ್ಮಶಾನದ ಬೇಲಿಯವರೆಗೆ ಹೋಗಿ ಬಂದರೆ ನಕ್ಷೆಯ ಚರ್ಚು ಎಲ್ಲಿತ್ತೆಂಬುದು ಕಾಲಿಗೇ ಗೊತ್ತಾಗುತ್ತದೆ.

ಮತ್ತೆ ಡಿ ರೈಲು, ಈ ಸಲ ಕೋನಿ ಐಲ್ಯಾಂಡ್ ಕಡೆಗೆ. 25ನೇ ಅವೆನ್ಯೂದಲ್ಲಿ ಇಳಿದು ಪೂರ್ವಕ್ಕೆ ಒಂದು ಕಿಲೋಮೀಟರ್ ಚಿಲ್ಲರೆ ನಡೆದರೆ ಗ್ರೇವ್ಸೆಂಡಿನ ಚೌಕ. ಹಳೆಯ ಸ್ಮಶಾನದ ಗೇಟಿಗೆ ಸಾಮಾನ್ಯವಾಗಿ ಬೀಗ, ಬೇಲಿಯಾಚೆಯಿಂದ ನೋಡಬೇಕು. ಚೌಕದ ನಾಲ್ಕು ಅಂಚನ್ನೂ ಒಮ್ಮೆ ಸುತ್ತಿ ಬನ್ನಿ, ಅರ್ಧ ಗಂಟೆ ಸಾಕು. ಮರಳಲು ಮೆಕ್‌ಡೊನಾಲ್ಡ್ ಅವೆನ್ಯೂ ಮೇಲೇ ಎಫ್ ರೈಲು, ಅವೆನ್ಯೂ ಯು ನಿಲ್ದಾಣ.

ಇನ್ನೊಂದು ದಿನ ಸಿಕ್ಕರೆ ಎದುರು ದಡದಿಂದ ನೋಡಿ. ವೆರಜಾನೊ ಮೇಲೆ ಕಾಲ್ದಾರಿಯಿಲ್ಲ. ಬೇ ರಿಜ್ 86ನೇ ಬೀದಿಯಿಂದ ಎಸ್53 ಬಸ್ಸು ಹಿಡಿದು, ಸೇತುವೆ ದಾಟಿದ ಮೇಲಿನ ಮೊದಲ ನಿಲ್ದಾಣಗಳಲ್ಲೇ ಇಳಿದು ಫೋರ್ಟ್ ವಾಡ್ಸ್‌ವರ್ತ್‌ಗೆ ನಡೆಯಿರಿ. ಅಲ್ಲಿನ ಎತ್ತರದಿಂದ ನ್ಯಾರೋಸ್, ಸೇತುವೆ, ಆಚೆ ದಡ ಒಂದೇ ನೋಟಕ್ಕೆ ಸಿಗುತ್ತವೆ. ಕಾಳಗದ ಜಾಗಗಳಿಗೂ ಅದೇ ದಿನ ಕೈಹಾಕುವುದಾದರೆ ಗ್ರೀನ್-ವುಡ್ ಸ್ಮಶಾನದ ಬ್ಯಾಟಲ್ ಹಿಲ್ ಒಂದೇ ಸಾಕು, ಆರ್ ರೈಲಿನ 25ನೇ ಬೀದಿ ನಿಲ್ದಾಣ. ಬ್ರೂಕ್ಲಿನ್ನಿನ ಅತಿ ಎತ್ತರದ ನೈಸರ್ಗಿಕ ನೆಲ ಅದು, 200 ಅಡಿಗೂ ಮೇಲು. ಹೌ ಆ ಏರನ್ನು ಮುಂದಿನಿಂದ ಹತ್ತದೆ, 26ರ ರಾತ್ರಿ 10,000 ಜನರನ್ನು ಪೂರ್ವದ ಜಮೈಕಾ ಕಣಿವೆಯಿಂದ ಸುತ್ತುಹಾಕಿಸಿ ಹಿಂದಿನಿಂದ ಬಂದ. ಆ ದಾರಿಯನ್ನು ಕಾಯಲು ಅಮೆರಿಕದವರು ಇಟ್ಟಿದ್ದದ್ದು ಕುದುರೆ ಮೇಲಿನ ಐವರು ಅಧಿಕಾರಿಗಳನ್ನು. ಪ್ರತಿವರ್ಷ ಆಗಸ್ಟ್ ಕೊನೆಯಲ್ಲಿ ಗ್ರೀನ್-ವುಡ್‌ನಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ, ಅದಕ್ಕೆ ಹೊಂದಿಸಿಕೊಂಡರೆ ಒಂದೇ ಪ್ರಯಾಣದಲ್ಲಿ ಎರಡೂ ಆಗುತ್ತದೆ.

ಕನ್ನಡದವರಿಗೆ ಇನ್ನೊಂದು ಸಂಗತಿ. ಮೊದಲ ಅಲೆಯ ಹಿಂದೆಯೇ ಮೀಸಲು ಪಡೆ ಕರೆದುಕೊಂಡು ಫ್ಲ್ಯಾಟ್‌ಬುಷ್ ಕಡೆ ಧಾವಿಸಿದ 37ರ ಹರೆಯದ ಅಧಿಕಾರಿ ಲಾರ್ಡ್ ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದವನೂ ಅವನೇ, ಗವರ್ನರ್ ಜನರಲ್ ಆಗಿ ಬಂದು 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನೂ ಅವನೇ. ಆ ಮುತ್ತಿಗೆಗೆ ಮಲಬಾರಿನಿಂದ ಕೊಡಗಿನ ಘಟ್ಟ ಹತ್ತಿ ಬಂದ ರಾಬರ್ಟ್ ಅಬರ್‌ಕ್ರೊಂಬಿ ಕೂಡ ಲಾಂಗ್ ಐಲ್ಯಾಂಡ್ ಕಾಳಗದಲ್ಲಿದ್ದವನು. ಕೆ.ಆರ್. ಮಾರುಕಟ್ಟೆ ಬಳಿಯ ಕೋಟೆಯಲ್ಲಿ ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗಕ್ಕೆ ಕಲ್ಲಿನ ಫಲಕವಿದೆ. ಹೊರಡುವ ಮೊದಲು ಬೆಂಗಳೂರಿನಲ್ಲಿದ್ದರೆ ಒಂದು ಬೆಳಿಗ್ಗೆ ಹೋಗಿ ಅದನ್ನು ನೋಡಿಕೊಳ್ಳಿ, ಫಲಕದ ಆಚೀಚೆ ಈಗ ಎಷ್ಟು ಗೋಡೆ ಉಳಿದಿದೆ ಎಂದು ಹೆಜ್ಜೆಯಲ್ಲಿ ಅಳೆಯಿರಿ.